ಮೊದಲ ಸಾಲಿಗೆ ಸೇರದ ಕಾರು

ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಯಲು ಥಿನ್ನರ್ ಡಬ್ಬದ ಮುಚ್ಚಳ ತೆಗೆದರು. ಬೇಲಿಯ ಈಚೆ ಬಟ್ಟೆ ಹರವುತ್ತಿದ್ದ ನಾನು ಒದ್ದೆ ಟವೆಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಮೂಗಿನೊಳಗೆ ತಣ್ಣಗೆ ಕೊರೆಯುವ, ಕೊಳೆತ ಬಾಳೆಹಣ್ಣಿನಂತೆಯೂ ಆಸ್ಪತ್ರೆಯಂತೆಯೂ ಇರುವ ಆ ವಾಸನೆ... ಅಡಿಲೇಡಿನ ನನ್ನ ಹಿತ್ತಲು ಕಣ್ಣ ಮುಂದೆಯೇ ಇತ್ತು. ಆದರೂ ನಾನು ಪರ್ತ್‌ನ ಹ್ಯಾರಿಸ್‌ಡೇಲಿನಲ್ಲಿ, ಒಂದು ಗ್ಯಾರೇಜಿನೊಳಗೆ, ಟಾರ್ಚ್ ಹಿಡಿದು ನಿಂತಿದ್ದೆ.

ಒಂದು ವಾಸನೆ ಇಡೀ ಹಳೆಯ ಕಾಲವನ್ನು ಎತ್ತಿ ತಂದುಕೊಡುತ್ತದೆ ಎಂದು ಬರೆಯುವವರನ್ನು ನಾನು ಪೂರ್ತಿ ನಂಬುವುದಿಲ್ಲ. ನನಗೆ ಅದು ತಂದುಕೊಟ್ಟದ್ದು ಒಂದು ಬಲ್ಬು, ತೆರೆದ ಬಾನೆಟ್, ಅದರ ಕೆಳಗೆ ಬಾಗಿದ ಒಬ್ಬರ ಬೆನ್ನು. ಮಿಕ್ಕದ್ದನ್ನು ನಾನೇ ಆಮೇಲೆ ಕೂತು ಜೋಡಿಸಿದ್ದು. ಎಲ್ಲಿ ಜೋಡಿಸಿದ್ದೇನೆ ಎಂಬುದು ನನಗೆ ಗೊತ್ತಿರುವ ಕಡೆ ಹೇಳಿಬಿಡುತ್ತೇನೆ. ಗೊತ್ತಿಲ್ಲದ ಕಡೆ... ಗೊತ್ತಿಲ್ಲವಲ್ಲ.

ಆ ಬೆನ್ನು ಅಂಕಲ್ ಅವರದು. ನಮ್ಮಲ್ಲಿ ಊರಿನ ಹಿರಿಯರೆಲ್ಲ ಅಂಕಲ್‌ಗಳೇ; ಆದರೆ ಬರೀ 'ಅಂಕಲ್' ಎಂದರೆ ನನ್ನ ಮಟ್ಟಿಗೆ ಇವರೊಬ್ಬರೇ. ಮೈಸೂರಿನಿಂದ ಓದಲು ಬಂದಿದ್ದ ನಾನು ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಕಾಲೇಜು ಇದ್ದದ್ದು ಜೂಂಡಲಪ್‌ನಲ್ಲಿ, ಊರಿನ ಇನ್ನೊಂದು ತುದಿ. ವಾರದ ಕೊನೆಯಲ್ಲಿ ಫ್ರೀಮ್ಯಾಂಟಲ್‌ನ ಒಂದು ಕೆಫೆಯಲ್ಲಿ ಕಪ್ಪು ತೊಳೆಯುವ ಕೆಲಸ. ಇಷ್ಟು ದೂರ ಯಾಕೆ ಮನೆ ಮಾಡಿದೆ ಎಂದು ಸ್ನೇಹಿತೆಯರು ಕೇಳುತ್ತಿದ್ದರು. ಆಂಟಿಯ ಮೀನುಸಾರು ಅವರಿಗೆ ಗೊತ್ತಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಮಂಗಳೂರು ಕಡೆಯ ಕ್ಯಾಥೊಲಿಕರು. ತಮ್ಮಿಬ್ಬರ ನಡುವೆ ಕೊಂಕಣಿ, ನನ್ನ ಜೊತೆ ಕನ್ನಡ, ನಾಯಿಯ ಜೊತೆ ಇಂಗ್ಲಿಷ್. ಅಂಕಲ್ ಹರೆಯವನ್ನೆಲ್ಲ ಕುವೈತಿನ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಾ ಕಳೆದವರು. ಆಮೇಲೆ ಮಗಳ ಹಿಂದೆ ಆಸ್ಟ್ರೇಲಿಯಾಕ್ಕೆ ಬಂದರು. ಮಗಳು ಮದುವೆಯಾಗಿ ಬ್ರಿಸ್ಬೇನಿಗೆ ಹೋದಳು, ಇವರು ಪರ್ತ್‌ನಲ್ಲೇ ಉಳಿದರು. ಕುವೈತಿನಲ್ಲಿ ಏನು ಕೆಲಸ ಎಂದು ನಾನು ಮೊದಲ ಸಲ ಕೇಳಿದಾಗ ಅವರು ಹೇಳಿದ್ದು ಇವತ್ತಿಗೂ ಅವರದೇ ದನಿಯಲ್ಲಿ ಕೇಳಿಸುತ್ತದೆ.

"ಆಕ್ಸಿಡೆಂಟ್ ಆದ ಗಾಡಿ ಬರ್ತದೆ. ಅದಕ್ಕೆ ಆಕ್ಸಿಡೆಂಟೇ ಆಗ್ಲಿಲ್ಲ ಅಂತ ತೋರಿಸ್ಬೇಕು. ಅಷ್ಟೇ ಮಾರಾಯ್ತಿ, ನನ್ನ ಕೆಲಸ. ಆದದ್ದನ್ನು ಆಗ್ಲಿಲ್ಲ ಅಂತ ಮಾಡುದು."

ಅದರಲ್ಲಿ ಅವರು ಉಸ್ತಾದರು. ಹಳೆಯ ಬಣ್ಣಕ್ಕೆ ಹೊಸ ಬಣ್ಣ ಹೊಂದಿಸಲು ಅವರು ಯಾವ ಯಂತ್ರವನ್ನೂ ಬಳಸುತ್ತಿರಲಿಲ್ಲವಂತೆ. ಬೆರೆಸಿದ್ದನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ಒಂದು ತೊಟ್ಟು ಸವರಿ, ಉಗುರನ್ನು ಕಾರಿನ ಮೈಗೆ ತಾಗಿಸಿ ಕಣ್ಣು ಕಿರಿದು ಮಾಡಿ ನೋಡುವುದು. ಉಗುರು ಮಾಯವಾದರೆ ಬಣ್ಣ ಸರಿಹೋಯಿತು. ಪರ್ತ್‌ನಲ್ಲಿ ನಿವೃತ್ತರಾದ ಮೇಲೂ ಆ ಉಗುರಿನ ಅಂಚು ಅವರಿಗೆ ಬೇರೆ ಯಾರದೋ ಉಗುರಿನಂತೆ ಒರಟಾಗಿ, ಹಳದಿಗಟ್ಟಿ ಉಳಿದಿತ್ತು. ಅಥವಾ ಅದು ವಯಸ್ಸಿನ ಉಗುರು ಇದ್ದೀತು. ನಾನು ಕತೆ ಕೇಳಿದ ಮೇಲೆ ನೋಡಿದ್ದು.

ಇನ್ನು ಕಾರು. ಅದು ಪಪ್ಪಾಯಿ ಹಣ್ಣಿನ ಬಣ್ಣದ, ಎರಡೇ ಬಾಗಿಲಿನ, ಉದ್ದ ಮೂತಿಯ ಕಾರು. ಎಂಟು ಸಿಲಿಂಡರಿನ ಎಂಜಿನ್ ಶುರುವಾದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅಡಿಲೇಡಿನ ಕಾರ್ಖಾನೆಯಲ್ಲಿ ತಯಾರಾಗಿ, ಬ್ರಿಸ್ಬೇನಿನಲ್ಲಿ ಒಬ್ಬರೇ ಯಜಮಾನರ ಕೈಯಲ್ಲಿ ಉಳಿದಿದ್ದ ಗಾಡಿ. ಅಂಕಲ್ ಮಗಳ ಮನೆಗೆ ಹೋದಾಗ ಅದೇ ಬೀದಿಯ ಒಂದು ಶೆಡ್ಡಿನಲ್ಲಿ ಅದನ್ನು ನೋಡಿದರು. ಯಜಮಾನರು ತೀರಿಕೊಂಡಿದ್ದರು, ಅವರ ಹೆಂಡತಿ ಮಾರುವವರಿದ್ದರು. ಅಲ್ಲಿಂದ ಟ್ರಕ್ಕಿನ ಮೇಲೆ ದೇಶದ ಇನ್ನೊಂದು ಅಂಚಿಗೆ, ಪರ್ತ್‌ಗೆ ಬಂತು. ಅದು ಬಂದ ದಿನ ಬೀದಿಯ ಮಕ್ಕಳೆಲ್ಲ ಸೇರಿದ್ದರು, ಆಂಟಿ ಮಾತ್ರ ಬಾಗಿಲಲ್ಲೇ ನಿಂತು, "ಇದ್ರಲ್ಲಿ ತರಕಾರಿ ಚೀಲ ಇಡ್ಲಿಕ್ಕೆ ಜಾಗ ಉಂಟಾ?" ಎಂದು ಕೇಳಿದರು.

ಇಂಥ ಕಾರುಗಳಿಗೆ ಒಂದು ಪೀಡೆಯಿದೆ. ಕಂಪನಿಯವರು ಒಂದೇ ಮೈಕಟ್ಟಿನಲ್ಲಿ ಸಾಧಾರಣ ಕಾರನ್ನೂ ಮಾಡುತ್ತಿದ್ದರು, ವೇಗದ ಕಾರನ್ನೂ ಮಾಡುತ್ತಿದ್ದರು. ವೇಗದ್ದು ತಯಾರಾದದ್ದು ಕಡಿಮೆ. ಹಾಗಾಗಿ ಆಮೇಲೆ ಯಾರೋ ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಪಟ್ಟೆ ಬಳಿದು, ಅದನ್ನೇ ವೇಗದ್ದೆಂದು ಮಾರುತ್ತಾರೆ. ನೋಡಿದರೆ ತಿಳಿಯುವುದಿಲ್ಲ. ಕನ್ನಡದವರ ಬಾರ್ಬೆಕ್ಯೂ ಕೂಟವೊಂದರಲ್ಲಿ, ಮಾಂಸ ಸುಡುತ್ತಾ ನಿಂತಿದ್ದ ಒಬ್ಬರು ಅಂಕಲ್‌ಗೆ ಕೇಳಿಸುವಂತೆಯೇ ಹೇಳಿದರು: "ನಮ್ಮ ಅಂಕಲ್ ಜೀವನಪೂರ್ತಿ ಡೂಪ್ಲಿಕೇಟ್ ಮಾಡಿದ್ರು, ಕೊನೆಗೆ ಒಂದು ಡೂಪ್ಲಿಕೇಟನ್ನೇ ತಗೊಂಡ್ಬಿಟ್ರು ನೋಡಿ!" ಎಲ್ಲರೂ ನಕ್ಕರು. ಅಂಕಲ್ ಕೂಡ ನಕ್ಕರು. ಮನೆಗೆ ಬಂದವರು ನೇರ ಗ್ಯಾರೇಜಿಗೆ ಹೋದರು.

ಅದೇ ಸುಮಾರಿಗೆ ಅಡಿಲೇಡಿನ ಕಾರ್ಖಾನೆ ಮುಚ್ಚುತ್ತದೆ ಎಂಬ ಸುದ್ದಿ ದಿನಾ ಟಿವಿಯಲ್ಲಿ. ಅಲ್ಲಿ ದುಡಿದಿದ್ದ ಹಳಬರು ಒಂದು ಮೇಳ ಮಾಡುವವರಿದ್ದರು: ತಾವು ಮಾಡಿದ ಕಾರುಗಳನ್ನೆಲ್ಲ ಒಂದು ಮೈದಾನದಲ್ಲಿ ಕೊನೆಯ ಸಲ ನಿಲ್ಲಿಸಿ ನೋಡುವುದು. ಮೊದಲ ಸಾಲಿನಲ್ಲಿ ಕಾರ್ಖಾನೆಯಿಂದ ಹೊರಟ ಹಾಗೆಯೇ ಉಳಿದಿರುವ ಕಾರುಗಳು. ಹಿಂದಿನ ಸಾಲಿನಲ್ಲಿ ಬದಲಾದವು, ತಿದ್ದಿದವು, ಅನುಮಾನದವು. ಮೊದಲ ಸಾಲಿಗೆ ಸೇರಬೇಕಾದರೆ ಅವರ ಪರೀಕ್ಷಕರು ಬಂದು ನೋಡಿ ಒಪ್ಪಬೇಕು.

"ನಂಗೆ ಆ ಸಾಲಲ್ಲಿ ಒಮ್ಮೆ ನಿಲ್ಲಿಸ್ಬೇಕು," ಎಂದರು ಅಂಕಲ್. ನನಗೆ ಹೇಳಿದರೋ ನಾಯಿಗೆ ಹೇಳಿದರೋ. "ಎಷ್ಟು ಗಾಡಿ ಮುಟ್ಟಿದೆ ಇಷ್ಟರವರೆಗೆ. ಎಲ್ಲ ಸುಳ್ಳು. ಚಂದದ ಸುಳ್ಳು. ಒಂದಾದ್ರೂ ಯಾರೂ ಸುಳ್ಳು ಹೇಳದ್ದು ಇರ್ಲಿ, ಅಲ್ವಾ?"

ಅಂದಿನಿಂದ ಕಾರಿನ ಬಣ್ಣದ ಮೇಲೆ ನೀರು ಬೀಳಬಾರದು, ಬಟ್ಟೆ ತಾಗಬಾರದು ಎಂಬ ಕಟ್ಟಾಜ್ಞೆ. ಬಾಗಿಲಿನ ಕೆಳಗಿನ ಗೀರಿಗೆ ಬಣ್ಣ ಹಚ್ಚಲು ಅವರ ಕೈ ತುರಿಸುತ್ತಿತ್ತು. ಗೀರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ, ಎದ್ದು ಹೋಗಿಬಿಡುತ್ತಿದ್ದರು. ಬ್ರಿಸ್ಬೇನಿನಿಂದ ಮೊಮ್ಮಗಳು ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಗ್ರ್ಯಾಂಪಾ, ರಿಯಲ್ ಆರ್ ಫೇಕ್?" ಇವರು ಕನ್ನಡದಲ್ಲೋ ಕೊಂಕಣಿಯಲ್ಲೋ ಏನಾದರೂ ಹೇಳಿದರೆ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿದ್ದದ್ದು ಮಾತ್ರ ಇಂಗ್ಲಿಷಿನಲ್ಲಿ. "ವೆಯ್ಟ್ ಮಾಡು, ಅಡಿಲೇಡ್‌ನ ಡಾಕ್ಟ್ರು ಬರ್ತಾರೆ," ಎನ್ನುತ್ತಿದ್ದರು ಅಂಕಲ್.

ಪರೀಕ್ಷಕರು ಬಂದದ್ದು ಮೊಂತಿ ಫೆಸ್ತಿನ ದಿನ. ಕನ್ಯಾಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಮಂಗಳೂರಿನ ಕ್ಯಾಥೊಲಿಕರು ಆ ದಿನ ಮೀನು ಮಾಂಸ ಬಿಟ್ಟು ಬರೀ ತರಕಾರಿಯ ಊಟ ಮಾಡುತ್ತಾರೆ. ಅಂಕಲ್ ತಾರೀಖು ಬದಲಿಸಲು ನೋಡಿದ್ದರು, ಆಗಿರಲಿಲ್ಲ. ಆಂಟಿ, "ಬರ್ಲಿ ಬಿಡಿ, ಹಬ್ಬದ ದಿನ ಬಂದವ ನೆಂಟನೇ," ಎಂದರು. ಎಡವಟ್ಟಾದದ್ದು ಇಲ್ಲಿಯೇ. ಕಾರು ನೋಡಲು ಬರುವವರು ಆಂಟಿಯ ಲೆಕ್ಕದಲ್ಲಿ ನೆಂಟರಾಗಿಬಿಟ್ಟರು. ನೆಂಟರು ಬರುವ ಮುಂಚೆ ಮನೆಯಲ್ಲಿ ಏನೇನು ಮಾಡಬೇಕೋ ಅದೆಲ್ಲ ಶುರುವಾಯಿತು.

ಹಬ್ಬದ ಹಿಂದಿನ ದಿನ ನಾನು ಕಾಲೇಜಿನಿಂದ ಬಂದಾಗ ಅಂಕಲ್ ಚರ್ಚಿಗೆ ಹೂವು ಕೊಡಲು ಹೋಗಿದ್ದರು. ಮನೆಯ ಅಲ್ತಾರಿನ, ಅಂದರೆ ದೇವರ ಪೀಠದ, ಹಿತ್ತಾಳೆ ದೀಪಗಳು, ಮೇಣದಬತ್ತಿಯ ಕಂಬಗಳು ಪೇಪರಿನ ಮೇಲೆ ಸಾಲಾಗಿ ಒಣಗುತ್ತಿದ್ದವು. ಹುಣಸೆಹುಳಿ ಮತ್ತು ಉಪ್ಪು ಹಾಕಿ ಉಜ್ಜಿದ್ದು. ಅಡುಗೆಮನೆಯೆಲ್ಲ ಹುಳಿ ಹುಳಿ ವಾಸನೆ. ಗ್ಯಾರೇಜಿಗೆ ಹೋಗುವ ಬಾಗಿಲು ತೆರೆದಿತ್ತು. ಆಂಟಿ ಒಳಗಿಂದ ಸ್ಟೀಲಿನ ಬಟ್ಟಲು ಹಿಡಿದು ಬಂದರು. ಮುಖದಲ್ಲಿ ಕೆಲಸ ಮುಗಿಸಿದ ಸಮಾಧಾನ.

"ನೋಡು ಹೋಗು. ಅಷ್ಟು ದೊಡ್ಡ ಗಾಡಿ, ಅದ್ರ ಬೋರ್ಡು ಮಾತ್ರ ಕರಿಹಿಡಿದು ಹೋಗಿತ್ತು. ಆ ಮನುಷ್ಯ ಅಡಿಲೇಡಿನಿಂದ ಬರ್ತಾನೆ, ನಂಬರ್ ಓದ್ಲಿಕ್ಕಾದ್ರೂ ಆಗ್ಬೇಕಲ್ಲ."

ಬಾನೆಟ್ ಎತ್ತಿಯೇ ಇತ್ತು. ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಅಂಗೈ ಅಗಲದ ಒಂದು ಫಲಕವನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಯಾವ ಮಾದರಿ, ಯಾವ ಎಂಜಿನ್, ಯಾವ ಬಣ್ಣ ಎಂದು ಅದರಲ್ಲಿ ಅಚ್ಚೊತ್ತಿರುತ್ತದೆ. ಕಾರಿನ ಜಾತಕವೇ ಅದು. ಅದೀಗ ಅಲ್ತಾರಿನ ದೀಪಗಳ ಹಾಗೆ ಫಳಫಳ ಹೊಳೆಯುತ್ತಿತ್ತು. ಸುತ್ತಲಿನ ಹಳೆಯ ಎಣ್ಣೆಯ ಮಸಿಯ ನಡುವೆ ಒಂದು ಕನ್ನಡಿಯ ಚೂರು.

"ಅಂಕಲ್ ಬಣ್ಣ ಮುಟ್ಬೇಡಿ ಅಂದಿದ್ರಲ್ಲ ಆಂಟಿ?"

"ಬಣ್ಣ ಎಲ್ಲಿ ಮುಟ್ಟಿದೆ?"

ಇಲ್ಲಿಂದ ಮುಂದಿನದೇ ಥಿನ್ನರ್ ತಂದುಕೊಟ್ಟ ಭಾಗ. ಸಂಜೆ, ಹೊರಗೆ ಇನ್ನೂ ಬೆಳಕಿತ್ತು. ಅಂಕಲ್ ಎಣ್ಣೆ ನೋಡಲೆಂದು ಬಾನೆಟ್ ಎತ್ತಿದರು. ನಾನು ಟಾರ್ಚ್ ಹಿಡಿದಿದ್ದೆ. ಅವರು ಬಾಗಿದರು, ಬಾಗಿದವರು ಹಾಗೆಯೇ ಉಳಿದರು. "ದೇವಾ," ಎಂದರು ತೀರಾ ಸಣ್ಣಗೆ. ಅಡುಗೆಮನೆಯಲ್ಲಿ ಆಂಟಿ ತೆಂಗಿನಕಾಯಿ ತುರಿಯುತ್ತಿದ್ದ ಸದ್ದು. ಅಂಕಲ್ ಆ ಸದ್ದಿನ ಕಡೆಗೆ ಹುಬ್ಬು ಹಾರಿಸಿ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಅವಳಿಗೆ ಹೇಳ್ಬೇಡ. ಗೊತ್ತಾಯ್ತಾ? ಏನೂ ಹೇಳ್ಬೇಡ."

ಯಾಕಿಷ್ಟು ಗಾಬರಿ ಎಂದು ನನಗೆ ತಿಳಿಯಲಿಲ್ಲ. ಹೊಳೆದರೆ ಒಳ್ಳೆಯದೇ ಅಲ್ಲವೇ? ಅವರು ಪಿಸುಗುಟ್ಟುತ್ತಲೇ ವಿವರಿಸಿದರು. ನಕಲಿ ಕಾರು ಮಾಡುವವರು ಮೊದಲು ಬದಲಿಸುವುದು ಈ ಫಲಕವನ್ನೇ. ಹಳೆಯ ಕಾರಿನಲ್ಲಿ ಹೊಸದಾಗಿ ಹೊಳೆಯುವ ಫಲಕ ಕಂಡರೆ ಯಾವ ಪರೀಕ್ಷಕನೂ ಮುಂದಿನ ಮಾತು ಕೇಳುವುದಿಲ್ಲ. ರಿವೆಟ್‌ಗಳ ಮೇಲಿನ ಮಂಕು, ಅಕ್ಷರಗಳ ಸಂದಿಯ ಬೂದುಬಣ್ಣ, ಅದೇ ಅದರ ಸಾಕ್ಷಿಯಾಗಿತ್ತು. ಅದೀಗ ಆಂಟಿಯ ಬಟ್ಟಲಿನಲ್ಲಿ ಕರಗಿ ಸಿಂಕಿಗೆ ಹೋಗಿತ್ತು.

ಅಂಕಲ್ ಕಪಾಟಿನ ಮೇಲಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಕುವೈತಿನ ಪೆಟ್ಟಿಗೆ. ಸಣ್ಣ ಸಣ್ಣ ಡಬ್ಬಗಳು, ಕೂದಲೆಳೆಯಂಥ ಕುಂಚಗಳು. ಥಿನ್ನರ್ ಮುಚ್ಚಳ ತೆಗೆದರು. ಕಪ್ಪು, ಬೂದು, ಒಂದಿಷ್ಟು ಕಂದು. ಬಾಟಲಿಯ ಮುಚ್ಚಳದಲ್ಲಿ ಬೆರೆಸಿದರು. ಹೆಬ್ಬೆರಳಿನ ಉಗುರಿಗೆ ಸವರಿ ಪಕ್ಕದ ಮಸಿ ಹಿಡಿದ ತಗಡಿಗೆ ತಾಗಿಸಿದರು. ಉಗುರು ಮಾಯವಾಯಿತು. ನಾನು ಕಣ್ಣಾರೆ ಕಂಡೆ... ಅಥವಾ ಕಂಡೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬಣ್ಣ ಅಷ್ಟು ಸರಿಹೋಗಿತ್ತು ಎಂಬುದಂತೂ ನಿಜ. ಸ್ವಲ್ಪ ಹೊತ್ತಿನ ಕೆಲಸ. ಫಲಕಕ್ಕೆ ಅದರ ವಯಸ್ಸು ವಾಪಸ್ ಬಂದುಬಿಡುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ, ಕಾರು ಮೊದಲ ಸಾಲಿನಲ್ಲಿ ನಿಲ್ಲುತ್ತಿತ್ತು. ಅದರಲ್ಲಿ ಮೋಸವೂ ಇರಲಿಲ್ಲ, ಯಾಕೆಂದರೆ ಫಲಕ ಅಸಲಿಯೇ.

ಕುಂಚ ಫಲಕದ ಹತ್ತಿರ ಹೋಯಿತು. ಎಷ್ಟು ಹೊತ್ತು ಅಲ್ಲಿ ನಿಂತಿತೋ ಹೇಳಲಾರೆ. ಇಂಥ ಕ್ಷಣಗಳನ್ನು ನೆನಪು ಎಳೆದು ಉದ್ದ ಮಾಡುತ್ತದೆ. ಕೊನೆಗೆ ಅವರು ಕುಂಚವನ್ನು ಬಟ್ಟೆಗೆ ಒರೆಸಿದರು.

"ಬೇಡ," ಎಂದರು. "ಇದನ್ನು ಮಾಡಿದ್ರೆ ಇದೂ ಕುವೈತಿನ ಗಾಡಿಯೇ ಆಯ್ತಲ್ಲ."

ಪೆಟ್ಟಿಗೆ ಮೇಲೆ ಹೋಯಿತು. ಉಗುರು ಒರೆಸಿಕೊಳ್ಳುವುದನ್ನು ಮಾತ್ರ ಮರೆತರು.

ಪರೀಕ್ಷಕರು ಮಾರನೆಯ ಬೆಳಿಗ್ಗೆ ಬಂದರು. ಎತ್ತರದ, ಮಾತು ಕಡಿಮೆಯ ಮುದುಕರು. ಹುಡುಗರಾಗಿದ್ದಾಗಲೇ ಆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಸೇರಿ ಅಲ್ಲೇ ತಲೆ ಹಣ್ಣು ಮಾಡಿಕೊಂಡವರು. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ, ಆದರೆ ಮಾತಿನ ನಡುವೆ ಬರುವ, ಗೆಳೆಯ ಎಂಬರ್ಥದ 'ಮೇಟ್' ಹಾಗೆಯೇ ಇರಲಿ. ನನ್ನ ಯೋಗದ ಚಾಪೆ ಹಾಸಿಕೊಂಡು ಕಾರಿನ ಕೆಳಗೆ ಮಲಗಿದರು. ಕೋಲಿನ ತುದಿಯ ಕನ್ನಡಿಯನ್ನು ಸಂದಿಗೊಂದಿಗಳಿಗೆ ತೂರಿಸಿದರು. ಎಂಜಿನ್ನಿನ ಮೇಲೆ ಅಚ್ಚೊತ್ತಿದ ನಂಬರನ್ನೂ ಮೈಮೇಲಿನ ನಂಬರನ್ನೂ ಬೆರಳಿನಿಂದ ತಡವಿ ನೋಡಿದರು, ಕುರುಡರು ಮುಖ ತಡವುವ ಹಾಗೆ. ಹಿಂದಿನ ಸೀಟು ಎತ್ತಿಸಿದರು. ಅದರ ಹಿಂದೆ ಪಪ್ಪಾಯಿ ಬಣ್ಣ ಅರ್ಧಕ್ಕೇ ನಿಂತು, ಒಳಗಿನ ಬೂದು ಅಡಿಬಣ್ಣ ಕಾಣುತ್ತಿತ್ತು.

"ನೋಡಿ ಮೇಟ್, ನಾವು ಹೀಗೇ ಹೊಡೀತಿದ್ದದ್ದು. ಸೀಟಿನ ಹಿಂದೆ ಯಾರು ನೋಡ್ತಾರೆ? ನಕಲಿ ಮಾಡೋನು ಪಾಪ ಇಲ್ಲೂ ಪೂರ್ತಿ ಹೊಡೀತಾನೆ."

ಅಂಕಲ್ ಮುಖ ಅರಳಿತು. ಬಣ್ಣದವರಿಬ್ಬರೂ ಒಂದು ಕ್ಷಣ ಅಣ್ಣತಮ್ಮಂದಿರ ಹಾಗೆ ನಕ್ಕರು. ಬಾಗಿಲ ಕೀಲು, ಗಾಜಿನ ಗುರುತು, ಡಿಕ್ಕಿಯ ನೆಲದಲ್ಲಿ ಬ್ರಿಸ್ಬೇನಿನ ತೇವ ಮಾಡಿದ ತುಕ್ಕು, ಎಲ್ಲವನ್ನೂ ನೋಡಿ ಎಲ್ಲದಕ್ಕೂ ಹೂಂ ಎಂದರು. ಕೊನೆಗೆ ಬಾನೆಟ್ಟಿನ ಕೆಳಗೆ ಬಂದು ಫಲಕದ ಮುಂದೆ ನಿಂತರು. ಅಲ್ಲಿ ಹೂಂ ಬರಲಿಲ್ಲ.

ಅವರ ಕಣ್ಣು ಫಲಕದಿಂದ ಅಂಕಲ್‌ರ ಕೈಗೆ ಇಳಿಯಿತು. ಉಗುರಿನ ಮೇಲೆ ಬೂದುಬಣ್ಣ.

"ಏನು ಬಣ್ಣ ಅದು, ಮೇಟ್?"

ಅಂಕಲ್ ಉಗುರನ್ನು ಎತ್ತಿ ತೋರಿಸಿದರು. ಹೊಳಪು ಮುಚ್ಚಲೆಂದು ಬೆರೆಸಿದ್ದೆ, ಆದರೆ ಹಚ್ಚಲಿಲ್ಲ ಎಂದರು. ಪರೀಕ್ಷಕರು ಜೇಬಿನಿಂದ ಬಿಳಿ ಬಟ್ಟೆ ತೆಗೆದು, ಏನೋ ದ್ರವ ಸುರಿದು ಫಲಕವನ್ನು ಒರೆಸಿದರು. ಬಟ್ಟೆ ಬಿಳಿಯಾಗಿಯೇ ಬಂತು. ಅದನ್ನು ಮಡಚಿ ಇಟ್ಟುಕೊಳ್ಳುವಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

"ಹಾಗಾದ್ರೆ ಉಜ್ಜಿದ್ದು ಯಾರು?"

ಅಡುಗೆಮನೆಯ ಬಾಗಿಲಲ್ಲಿ ಆಂಟಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ನಾನು ನೆಲ ನೋಡಿದೆ.

"ನಾನು," ಎಂದರು ಅಂಕಲ್. "ಹಬ್ಬ ಅಲ್ವಾ. ಎಲ್ಲ ಉಜ್ಜಿದೆ, ಇದನ್ನೂ ಉಜ್ಜಿದೆ."

ಪರೀಕ್ಷಕರು ಚಹಾ ತೆಗೆದುಕೊಂಡರು. ಊದಿ ಊದಿ ಕುಡಿದರು. ಆಮೇಲೆ ಹೇಳಿದರು: ಈ ಕಾರು ನಿಜವಾದದ್ದೇ ಎಂದು ನನ್ನ ಒಳಮನಸ್ಸು ಹೇಳುತ್ತದೆ. ಮೈ ನಿಜ, ಎಂಜಿನ್ ನಿಜ, ಬಣ್ಣ ನಿಜ. ಆದರೆ ಈ ಫಲಕ ಇದೇ ಕಾರಿನ ಜೊತೆ ಹುಟ್ಟಿದ್ದು ಎನ್ನಲು ಅದರ ಮೇಲೆ ಏನೂ ಉಳಿದಿಲ್ಲ. ಒಳಮನಸ್ಸು ಹೇಳಿದ್ದಕ್ಕೆ ನಾನು ಸಹಿ ಹಾಕಲಾರೆ, ಮೇಟ್.

ಹಿಂದಿನ ಸಾಲು.

ಆ ಮಾತಿನ ಮೇಲೆ ಮೌನ ಕವಿಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಮೌನ ಕವಿಯಲಿಲ್ಲ. ಆಂಟಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಹೊಸ ಅಕ್ಕಿಯ ಪಾಯಸ, ಕೆಸುವಿನ ದಂಟು, ಬೆಂಡೆ, ಸೌತೆ, ಹೆಸರು ಗೊತ್ತಿಲ್ಲದ ಇನ್ನೇನೇನೋ. ಪರೀಕ್ಷಕರು ಮಾಂಸವೇ ಇಲ್ಲದ ಅಷ್ಟು ದೊಡ್ಡ ಊಟವನ್ನು ತಾವು ಕಂಡೇ ಇಲ್ಲವೆಂದು ಎರಡು ಸಲ ಬಡಿಸಿಕೊಂಡರು. ಅವರನ್ನು ಕಳಿಸಿ ಬಂದ ಅಂಕಲ್ ಕಾರಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಇಷ್ಟು ದಿನ ಮುಟ್ಟದೆ ಬಿಟ್ಟಿದ್ದ ಆ ಗೀರನ್ನು ಬೆರಳಿನಿಂದ ಸವರಿದರು. ಅಷ್ಟೇ. ಬೇರೆ ದುಃಖ ನನಗೆ ಕಾಣಿಸಲಿಲ್ಲ. ಸಂಜೆ ಮೊಮ್ಮಗಳ ಫೋನ್ ಬಂತು. ಅವಳ ಪ್ರಶ್ನೆ ಗೊತ್ತಿತ್ತಲ್ಲ.

"ರಿಯಲ್, ಡಾರ್ಲಿಂಗ್," ಎಂದರು. "ಓನ್ಲಿ ಟೂ ಕ್ಲೀನ್."

ಅಡಿಲೇಡಿನ ಮೇಳಕ್ಕೆ ಇಬ್ಬರೂ ಆ ಕಾರನ್ನೇ ಓಡಿಸಿಕೊಂಡು ಹೋದರು, ಎರಡೂ ಊರುಗಳ ನಡುವಿನ ಮರವಿಲ್ಲದ ಬಯಲನ್ನು ದಾಟಿಕೊಂಡು, ಹಿಂದಿನ ಸೀಟಿನ ತುಂಬ ಚಕ್ಕುಲಿ ಡಬ್ಬ. ನಾನು ಹೋಗಿರಲಿಲ್ಲ, ಪರೀಕ್ಷೆಯಿತ್ತು. ಹಾಗಾಗಿ ಮೇಳದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಂಕಲ್ ಹೇಳಿದ್ದು. ಅವರು ಹೇಳಿದಾಗಲೆಲ್ಲ ಕತೆ ಬೇರೆಯಾಗುತ್ತಿತ್ತು. ಒಮ್ಮೆ ಅಲ್ಲಿ ಸುಡುಬಿಸಿಲು, ಇನ್ನೊಮ್ಮೆ ಗಾಳಿಮಳೆ. ಬದಲಾಗದೆ ಉಳಿದದ್ದು ಇಷ್ಟು: ಮೊದಲ ಸಾಲಿನ ಕಾರುಗಳ ಸುತ್ತ ಹಗ್ಗ ಕಟ್ಟಿತ್ತು, ಯಜಮಾನರು ಕುರ್ಚಿ ಹಾಕಿಕೊಂಡು ಯಾರೂ ಮುಟ್ಟದಂತೆ ಕಾಯುತ್ತಿದ್ದರು. ಹಿಂದಿನ ಸಾಲಿನಲ್ಲಿ ಹಗ್ಗವಿರಲಿಲ್ಲ. ಅಲ್ಲಿ ಜನ ಒಬ್ಬರ ಬಾನೆಟ್ಟಿನೊಳಗೆ ಇನ್ನೊಬ್ಬರು ತಲೆ ಹಾಕಿ, ಇದನ್ನು ಹೇಗೆ ಮಾಡಿದಿರಿ, ಆ ಬಣ್ಣ ಎಲ್ಲಿಯದು ಎಂದು ಕೇಳುತ್ತಿದ್ದರು. ಪಕ್ಕದ ನೇರಳೆ ಕಾರಿನವನಿಗೆ ಅಂಕಲ್ ತಮ್ಮ ಉಗುರಿನ ವಿದ್ಯೆ ತೋರಿಸಿದರಂತೆ. ಮಧ್ಯಾಹ್ನದ ಹೊತ್ತಿಗೆ ಅವರ ಸುತ್ತ ಒಂದು ಗುಂಪು. ಕುವೈತಿನ ಕೆಲಸವನ್ನು ಅವರು ಮೊದಲ ಸಲ ನಾಚಿಕೆಯಿಲ್ಲದೆ ಹೇಳಿಕೊಂಡದ್ದು ಅಲ್ಲೇ ಎಂದು ನನ್ನ ಊಹೆ. ಇದು ನಾನು ಜೋಡಿಸಿದ್ದು. ಆದರೆ ವಾಪಸ್ ಬಂದವರು ಬಾಗಿಲ ಕೆಳಗಿನ ಗೀರನ್ನು ಮಾರನೆಯ ದಿನವೇ ಸರಿಮಾಡಿದರು, ಸೀಟಿ ಹೊಡೆಯುತ್ತಾ. ಅದನ್ನು ನಾನು ನೋಡಿದ್ದೇನೆ.

ಓದು ಮುಗಿದು ನನಗೆ ಅಡಿಲೇಡಿನಲ್ಲೇ ಕೆಲಸ ಸಿಕ್ಕಿತು. ಆಮೇಲೆ ಒಂದು ಭಾನುವಾರ ಅಂಕಲ್ ಚರ್ಚಿನ ಪೂಜೆ ಮುಗಿಸಿ ಬಂದು, ಶೂ ಬಿಚ್ಚಲು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅಂತ್ಯಕ್ರಿಯೆಗೆ ನಾನು ಹೋಗಿದ್ದೆ. ಗ್ಯಾರೇಜಿನಲ್ಲಿ ಕಾರು ಹಾಗೆಯೇ ನಿಂತಿತ್ತು. ಮನೆ ಮಾರಿದರು, ಕಾರನ್ನು ಅಡಿಲೇಡಿನ ಒಬ್ಬರು ಕೊಂಡರು, ಆಂಟಿ ಬ್ರಿಸ್ಬೇನಿಗೆ ಮಗಳ ಮನೆಗೆ ಹೋದರು. ಹುಟ್ಟಿದ ಊರಿಗೆ ಆ ಕಾರು ಮರಳಿದೆ, ನಾನೂ ಅದೇ ಊರಿನಲ್ಲಿದ್ದೇನೆ. ನೋಡಲು ಹೋಗಬೇಕು ಅಂದುಕೊಳ್ಳುತ್ತಾ...

ಥಿನ್ನರ್ ವಾಸನೆ ಬಂದ ದಿನ ಸಂಜೆ ಆಂಟಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ವಿಷಯ ಹೇಳಿಬಿಡಬೇಕೆನಿಸಿತು. ನನ್ನ ತಲೆಯಲ್ಲಿ ಅದು ತುಂಬ ಚೆನ್ನಾಗಿ ಕೂತಿತ್ತು: ಫಲಕಕ್ಕೆ ಸುಳ್ಳು ಬಣ್ಣ ಹಚ್ಚಲು ಒಪ್ಪದ ಮನುಷ್ಯ, ಹೆಂಡತಿಗೆ ನೋವಾಗಬಾರದೆಂದು ಬಾಯಲ್ಲಿ ಸುಳ್ಳು ಹೇಳಿದ. ಕಾರಿನ ಬಗೆಗಿನ ಅಸಲಿಯಲ್ಲದ ಒಂದೇ ಮಾತು ಅವರ ಆ 'ನಾನು'. ಎಷ್ಟು ಅಚ್ಚುಕಟ್ಟು! ಅಚ್ಚುಕಟ್ಟಾಗಿದೆ ಎಂಬ ಕಾರಣಕ್ಕೇ ನಾನು ಅನುಮಾನಪಡಬೇಕಿತ್ತು.

"ಅಯ್ಯೋ, ನಂಗೆ ಅವತ್ತೇ ಗೊತ್ತಿತ್ತು," ಎಂದರು ಆಂಟಿ. "ನಾನು ಅಲ್ಲೇ ಇದ್ದೆ ಅಲ್ಲ, ಚಹಾ ಹಿಡ್ಕೊಂಡು."

"ನಿಮಗೆ ಬೇಜಾರಾಗ್ಬಾರ್ದು ಅಂತ ಹಾಗಂದ್ರು ಆಂಟಿ."

"ಬೇಜಾರೂ ಇಲ್ಲ, ಎಂತದೂ ಇಲ್ಲ! ಹೊರಗಿನವರ ಎದುರು ನನ್ನ ಹೆಸರು ತೆಗೆದ್ರೆ ಮತ್ತೆ ಒಂದು ವಾರ ಬರೀ ಗಂಜಿ ಅಂತ ಅವ್ರಿಗೆ ಗೊತ್ತಿತ್ತು. ಹೆದರಿಕೆ ಮಾರಾಯ್ತಿ, ಹೆದರಿಕೆ. ನೀನು ಎಂತ ಎಲ್ಲ ಆಲೋಚನೆ ಮಾಡ್ತಿ!"

ಇಬ್ಬರೂ ನಕ್ಕೆವು. ಅವರ ಮಾತು ಸರಿಯೋ ನನ್ನ ಕತೆ ಸರಿಯೋ, ಹೇಳಬೇಕಾದವರು ಈಗಿಲ್ಲ. ನಗು ಮುಗಿದ ಮೇಲೆ ಆಂಟಿ, ಕಾರು ಕೊಂಡವರು ಫೋಟೋ ಕಳಿಸಿದ್ದಾರೆಂದು ಹೇಳಿದರು. ಅವರು ಫಲಕವನ್ನು ಯಾರೋ ಪರಿಣತರಿಗೆ ಕೊಟ್ಟು, ಮೊದಲಿನಂತೆ ಮಂಕು ಬರಿಸಿದ್ದಾರಂತೆ. ಬೇರೆ ಪರೀಕ್ಷಕರು ನೋಡಿ ಒಪ್ಪಿದ್ದಾರೆ. ಹೋದ ತಿಂಗಳು ಎಲ್ಲಿಯೋ ಒಂದು ಪ್ರದರ್ಶನದಲ್ಲಿ ಕಾರು ಮೊದಲ ಸಾಲಿನಲ್ಲಿ, ಹಗ್ಗದೊಳಗೆ ನಿಂತಿತ್ತು.

"ಅಂಕಲ್ ಇದ್ದಿದ್ರೆ ಏನನ್ನುತ್ತಿದ್ರು?"

"ಎಂತ ಹೇಳುದು? ಕೆಲಸ ಚಂದ ಉಂಟು ಅಂತಿದ್ರು. ಚಂದದ ಕೆಲಸಕ್ಕೆ ಅವರು ಬೈದವರಲ್ಲ." ಹಿಂದೆ ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಕೂಗುತ್ತಿದ್ದಳು. "ಗಾಡಿ ತಗೊಂಡ ಆ ಹುಡುಗನೂ ಪಾಪ ಖುಷಿಯಲ್ಲೇ ಫೋಟೋ ಕಳಿಸಿದ್ದಾನೆ. ನಾನು ದೊಡ್ಡದು ಮಾಡಿ ನೋಡಿದೆ. ಯಾರೂ ಮುಟ್ಟಲೇ ಇಲ್ಲ ಅನ್ನೋ ಹಾಗೆ ಕಾಣ್ತದೆ. ನಾವು ಅದ್ರಲ್ಲಿ ಎಲ್ಲಿಯೂ ಇಲ್ಲ."

ಕ್ರಿಸ್ಮಸ್ಸಿಗೆ ಬ್ರಿಸ್ಬೇನಿಗೆ ಬರ್ತೀನಿ ಆಂಟಿ, ಎಂದೆ.

"ಬಾ," ಎಂದರು. "ನೀನಾದ್ರೂ ಅವರನ್ನು ನೋಡಿದವಳು."